ವಾರವಾರ ಅಪ್‌ಡೇಟ್ ಕೊಡದಿದ್ರೆ ಓಪನ್ ಸೋರ್ಸ್ ಪ್ರಾಜೆಕ್ಟ್ ಸತ್ತೋಯ್ತು ಅಂತಾನಾ?

ಎಲ್ರಿಗೂ ಕೋಡ್ ತೆರೆದಿಟ್ಟಿರೋ ನಿಮ್ಮ ಪ್ರಾಜೆಕ್ಟಲ್ಲಿ ಎರಡು ತಿಂಗಳಿಂದ ಒಂದು ಕಮಿಟ್ಟೂ (ಕೋಡಲ್ಲಿ ದಾಖಲಾದ ಬದಲಾವಣೆ) ಇಲ್ಲ, ಜನ ಬಿಟ್ಟೋಗ್ತಾರಾ, ಏನಾದ್ರೂ ರಿಲೀಸ್ ಮಾಡ್ಲಾ ಅಂತ ಕೇಳಿದ್ದೀರಿ. ಮಾಡ್ಬೇಡಿ. ಇದೇ ಭಯಕ್ಕೆ ನಾನೊಂದು ರಿಲೀಸ್ ಮಾಡಿ ಗುರುತು ಪರಿಚಯ ಇಲ್ಲದವರ ಎರಡು ವಾರ ಹಾಳು ಮಾಡಿದ್ದೀನಿ.

ನಂದು ಪೈಥಾನ್‌ನಲ್ಲಿ ಬರೆದ ಪುಟ್ಟ ಲೈಬ್ರರಿ, ಅಂದ್ರೆ ಬೇರೆ ಪ್ರೋಗ್ರಾಮ್‌ಗಳು ಬಳಸ್ಕೊಳ್ಳೋ ಕೋಡ್. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫೈಲುಗಳನ್ನ ಯೂನಿಕೋಡ್‌ಗೆ (ಎಲ್ಲ ಕಡೆ ನಡೆಯೋ ಅಕ್ಷರ ಸಂಕೇತ) ಬದಲಾಯಿಸೋದು. ಕೋಡ್ ಇಡೋ ತಾಣ ಗಿಟ್‌ಹಬ್‌ಗೆ ಹಾಕಿ, ಪೈಥಾನ್ ಲೈಬ್ರರಿಗಳು ಸಿಗೋ ಪೈಪಿಐಗೂ ಏರಿಸಿದ್ದೆ, ಮೂರು ತಿಂಗಳು ಏನೂ ಮುಟ್ಟಿರ್ಲಿಲ್ಲ, ಆಗ ಯಾರೋ ಬಂದು 'ಇದು ಇನ್ನೂ ಜೀವಂತ ಇದ್ಯಾ' ಅಂತ ಇಶ್ಯೂ (ಪ್ರಾಜೆಕ್ಟ್ ಪುಟದಲ್ಲಿ ಬರೆಯೋ ದೂರು ಇಲ್ಲಾ ಪ್ರಶ್ನೆ) ಹಾಕಿದ್ರು. ಅವತ್ತು ರಾತ್ರಿನೇ ಕೂತೆ.

ಸರಿಮಾಡಿದ್ದು ಏನು ಅಂತ ಸ್ವಲ್ಪ ಬಿಡಿಸಿ ಹೇಳ್ಬೇಕು. 'ಕೋ' ತಗೊಳ್ಳಿ. ಆ ಓತ್ವಕ್ಕೆ ಯೂನಿಕೋಡಲ್ಲಿ ಒಂದೇ ಕೋಡ್ ಇದೆ, ಆದ್ರೆ ಎತ್ವ, ಊ-ಕೊಂಬು, ದೀರ್ಘ ಅಂತ ಮೂರು ತುಂಡಾಗೂ ಬರೀಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ನನ್ನ ಕೋಡ್ ಮೊದಲಿಂದ ತುಂಡುತುಂಡಾಗೇ ಕೊಡ್ತಿತ್ತು, ಅದನ್ನ ಎನ್‌ಎಫ್‌ಸಿ (ತುಂಡುಗಳನ್ನ ಕೂಡಿಸೋ ಯೂನಿಕೋಡ್ ರೀತಿ) ಮಾಡಿ ಒಂದೇ ಕೋಡ್ ಬರೋ ಹಾಗೆ ಮಾಡಿದೆ. ಸರಿಯಾದ ಕೆಲಸಾನೇ ಅದು, ಈಗ್ಲೂ ಹಾಗೇ ಅಂತೀನಿ. ಆದ್ರೆ 1.4.2 ಇದ್ದದ್ದನ್ನ 1.4.3 ಅಂತ ಬಿಟ್ಟೆ, ಏನೇನು ಬದಲಾಯ್ತು ಅಂತ ಬರೆಯೋ ಚೇಂಜ್‌ಲಾಗಲ್ಲಿ 'ಸಣ್ಣಪುಟ್ಟ ತಿದ್ದುಪಡಿ' ಅಂತ ಬರೆದೆ. ತಪ್ಪು ಇದೇ. ಕೊನೇ ಅಂಕಿ ಮಾತ್ರ ಬದಲಾದ್ರೆ ಬಳಸೋರು 'ಔಟ್‌ಪುಟ್ ಹಾಗೇ ಇದೆ, ಬಗ್ ಮಾತ್ರ ಹೋಗಿದೆ' ಅಂತ ನಂಬ್ತಾರೆ, ಆ ನಂಬಿಕೆ ಮೇಲೇನೇ ಬೇಕಾದ ಲೈಬ್ರರಿಗಳ ಪಟ್ಟಿ ಇರೋ ರಿಕ್ವೈರ್‌ಮೆಂಟ್ಸ್ ಫೈಲಲ್ಲಿ ~=1.4.2 (1.4.2 ಇಲ್ಲಾ ಅದಕ್ಕಿಂತ ಹೊಸ 1.4 ಯಾವುದಾದ್ರೂ ಸರಿ) ಅಂತ ಬರೆದಿರ್ತಾರೆ, ಅವನ್ನ ಇನ್‌ಸ್ಟಾಲ್ ಮಾಡೋ ಪಿಪ್ ಯಾರನ್ನೂ ಕೇಳದೆ 1.4.3 ಎಳ್ಕೊಳ್ಳುತ್ತೆ. ಬರೋ ಅಕ್ಷರಾನೇ ಬದಲಾಗಿತ್ತಲ್ಲ, ಮೊದಲ ಅಂಕಿನೇ ಏರಿ 2.0.0 ಆಗ್ಬೇಕಿತ್ತು.

ಹಳೇ ಪುಸ್ತಕಗಳ ಪಟ್ಟಿ ಮಾಡ್ತಿದ್ದ ಒಂದು ಗುಂಪು ಇದನ್ನ ಬಳಸ್ತಿದೆ ಅನ್ನೋದೇ ನಂಗೆ ಗೊತ್ತಿರ್ಲಿಲ್ಲ. ಅವರ ಡೇಟಾಬೇಸಲ್ಲಿ ಹಳೇದೆಲ್ಲ ಮೂರು ತುಂಡಿನ 'ಕೋಲಾರ', ಹೊಸದು ಒಂದೇ ಕೋಡಿಂದು. ಹುಡುಕಿದ್ರೆ ಅರ್ಧ ಪುಸ್ತಕ ಸಿಗ್ತಿಲ್ಲ, ಒಬ್ಬ ಲೇಖಕರ ಹೆಸರು ಎರಡೆರಡು ಸಲ. ಸ್ಕ್ರೀನ್ ಮೇಲೆ ವ್ಯತ್ಯಾಸಾನೇ ಕಾಣದ್ದನ್ನ ಹುಡುಕೋಕೆ ಅವ್ರಿಗೆ ಎರಡು ವಾರ ಹಿಡೀತು. ಅವ್ರ ಮೇಲ್ ನೋಡಿ ಗಾಬರಿಗೆ ನಾನು 1.4.3 ಡಿಲೀಟ್ ಮಾಡಿದೆ, ಅದನ್ನೇ ಪಿನ್ ಮಾಡಿದ್ದವರ, ಅಂದ್ರೆ 1.4.3 ಮಾತ್ರ ಬೇಕು ಅಂತ ಬರೆದಿದ್ದವರ, ಬಿಲ್ಡೂ (ಪ್ರೋಗ್ರಾಮ್ ಕಟ್ಟೋ ಕೆಲಸ) ಒಡೀತು. ಅಳಿಸದೆ ಪೈಪಿಐಯಲ್ಲಿ 'ಇದು ಬೇಡ' ಅಂತ ಗುರುತು ಹಾಕೋ ಯಾಂಕ್ ಮಾಡಿದ್ರೆ ಸಾಕಿತ್ತು, ಪಿನ್ ಮಾಡಿದವ್ರಿಗೆ ಸಿಗ್ತಿತ್ತು, ಬೇರೆಯವ್ರಿಗೆ ಹೋಗ್ತಿರ್ಲಿಲ್ಲ. ಆಮೇಲೆ ಹಳೇ ರೀತಿ ವಾಪಸ್ ತಂದು 1.4.4, ಹೊಸದನ್ನ 2.0.0 ಅಂತ ಬಿಟ್ಟೆ.

ಅದಕ್ಕೇ ಹೇಳ್ತಿರೋದು, ಎಷ್ಟು ದಿನಕ್ಕೊಂದ್ಸಲ ಅನ್ನೋ ಪ್ರಶ್ನೇನೇ ಸರಿಯಿಲ್ಲ. ಬದಲಾಯಿಸೋಕೆ ಕಾರಣ ಇದ್ರೆ ಅಪ್‌ಡೇಟ್, ಇಲ್ದಿದ್ರೆ ಇಲ್ಲ. ಫೈಲು ಕುಗ್ಗಿಸೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಎಕ್ಸ್‌ಝಡ್‌ನ ಕಥೆ ಓದಿ: ಕೆಲಸ ನಿಧಾನ ಆಗ್ತಿದೆ, ಇನ್ನೊಬ್ಬರಿಗೆ ಜವಾಬ್ದಾರಿ ಕೊಡಿ ಅಂತ ಅದನ್ನ ನೋಡ್ಕೊಳ್ತಿದ್ದ ಮೇಂಟೇನರ್ ಮೇಲೆ ಒತ್ತಡ ಹಾಕಿದ್ರು, ಹಾಗೆ ಒಳಗೆ ಬಂದ ವ್ಯಕ್ತಿನೇ 5.6.0, 5.6.1ರಲ್ಲಿ ಹಿಂಬಾಗಿಲು (ಕದ್ದು ಒಳಗೆ ನುಗ್ಗೋ ದಾರಿ) ಇಟ್ಟಿದ್ದು. 2024ರ ಮಾರ್ಚಲ್ಲಿ ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್‌ಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಹೋಗೋ ದಾರಿ) ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆ ಅನ್ನಿಸಿದ್ದಕ್ಕೆ ಸಿಕ್ಕಿಬಿತ್ತು. 'ಸತ್ತೋಯ್ತಾ' ಅಂತ ಕೇಳೋರಿಗೆ ಅವಸರದಲ್ಲಿ ಉತ್ತರ ಕೊಡ್ಬೇಡಿ.

ನನ್ನ ಪ್ರಾಜೆಕ್ಟನ್ನ ಪರಿಚಯಿಸೋ ರೀಡ್‌ಮಿ ಫೈಲಿನ ಮೊದಲ ಸಾಲಲ್ಲಿ ಈಗ 'ಇದರ ಕೆಲಸ ಮುಗಿದಿದೆ, ತಪ್ಪು ಕಂಡ್ರೆ ಇಶ್ಯೂ ಹಾಕಿ, ನೋಡ್ತೀನಿ' ಅಂತಿದೆ. ನೀವೂ ಅಷ್ಟು ಬರೀರಿ. ಮತ್ತೆ, ಲೈಸೆನ್ಸ್ ಫೈಲ್ ಇನ್ನೂ ಹಾಕಿಲ್ಲ ಅಂದಿದ್ದೀರಲ್ಲ, ಹೊಸ ಫೀಚರ್ ಬಿಟ್ಟು ಇವತ್ತು ಅದನ್ನ ಹಾಕಿ. ಎಂಐಟಿನೋ ಜಿಪಿಎಲ್ಲೋ ನಿಮ್ಮಿಷ್ಟ, ಅದಿಲ್ದೆ ಕೋಡ್ ಎಲ್ರಿಗೂ ಕಾಣುತ್ತೆ ಹೊರತು ತಮ್ಮ ಪ್ರಾಜೆಕ್ಟಲ್ಲಿ ಬಳಸೋ ಹಕ್ಕು ಯಾರಿಗೂ ಸಿಗಲ್ಲ.