ಹಳೆಯ ಮುಖಗಳು, ಹೊಸ ಊರು

ಪ್ರಶ್ನೆ: ಜಪಾನಿನ ನಿಂಟೆಂಡೊ ಕಂಪನಿಯ ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ ವಿಡಿಯೊ ಆಟದಲ್ಲಿ ಆಕಾಶದ್ವೀಪಗಳಲ್ಲಿ ಸಿಗುವ ಹಳೆಯ ನಕ್ಷೆಗಳ ಜಾಡು ಹಿಡಿದು ನೆಲದಾಳದ ಕತ್ತಲ ಲೋಕಕ್ಕೆ ಇಳಿದರೆ, ಅಲ್ಲಿನ ಪೆಟ್ಟಿಗೆಗಳಲ್ಲಿ ಜೆಲ್ಡಾ ಸರಣಿಯ ಹಿಂದಿನ ಆಟಗಳ ನಾಯಕರು ತೊಟ್ಟಿದ್ದ ಅಂಗಿ, ಟೋಪಿಗಳು ದೊರೆಯುತ್ತವೆ. ನನ್ನ ತಮ್ಮ ಅವನ್ನು ಕಂಡು ಕುಣಿದಾಡಿದ. ನನಗೆ ಮಾತ್ರ ಏನೂ ಅನ್ನಿಸಲಿಲ್ಲ. ಅಭಿಮಾನಿಗಳನ್ನು ಓಲೈಸುವ ಇಂಥ ಫ್ಯಾನ್ ಸರ್ವಿಸ್ ಹೆಚ್ಚಿದಷ್ಟೂ ಹೊಸ ಜಗತ್ತನ್ನು ಕಟ್ಟುವ ಶ್ರಮ ಕಡಿಮೆಯಾಗುತ್ತದೆಯಲ್ಲವೇ? ಒಂದು ಆಟದ ಮುಂದಿನ ಭಾಗ ಹಳೆಯದನ್ನೆಲ್ಲ ಬಿಟ್ಟೇ ಹೊರಡಬೇಕೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆ ಅಂಗಿಗಳ ಬಗ್ಗೆ ನಿಮಗಾದ ನಿರಾಸೆ ನ್ಯಾಯವಾದದ್ದೇ. ಕಥೆಯಲ್ಲಿ ಅವಕ್ಕೆ ಕೆಲಸವಿಲ್ಲ. ತೊಟ್ಟರೂ ಬಿಟ್ಟರೂ ಕಥೆ ಅಲುಗುವುದಿಲ್ಲ. ಆದರೆ 2023ರ ಈ ಆಟ 2017ರ ‘ಬ್ರೆತ್ ಆಫ್ ದಿ ವೈಲ್ಡ್’ ಆಟದ ಹೈರೂಲ್ ರಾಜ್ಯವನ್ನು ಬೆಟ್ಟ, ಹೊಳೆ, ಊರುಗಳ ಸಮೇತ ಮತ್ತೆ ಬಳಸಿಕೊಂಡಿದೆಯೆಂಬುದನ್ನು ಗಮನಿಸಿ. ಅದರ ಬಗ್ಗೆ ನೀವು ದೂರಿಲ್ಲ. ಹಲಗೆ, ಚಕ್ರ, ಗಾಳಿಯಂತ್ರಗಳನ್ನು ಅಂಟಿಸಿ ದೋಣಿಯನ್ನೋ ಹಾರುವ ಬಂಡಿಯನ್ನೋ ಮಾಡಿಕೊಳ್ಳುವ ಹೊಸ ಶಕ್ತಿ ಕೈಗೆ ಬಂದದ್ದರಿಂದ, ಹಿಂದೆ ಈಜಿ ದಾಟಿದ ಅದೇ ಹೊಳೆ ಈ ಸಲ ಬೇರೆಯದೇ ಲೆಕ್ಕಾಚಾರವನ್ನು ಬೇಡುತ್ತದೆ. ಹೀಗೆ, ಹಳೆಯ ಅಂಗಿ ನಿಮಗೆ ಹೊರೆಯೆನಿಸಿತು, ಹಳೆಯ ಹೊಳೆ ಹೊರೆಯೆನಿಸಲಿಲ್ಲ. ಹಳೆಯದು ಬಂತೋ ಇಲ್ಲವೋ ಎನ್ನುವುದಕ್ಕಿಂತ, ಬಂದದ್ದಕ್ಕೆ ಹೊಸ ಜಗತ್ತಿನಲ್ಲಿ ಉದ್ಯೋಗವಿದೆಯೋ ಇಲ್ಲವೋ ಎಂದು ನೋಡುವವನು ನಾನು.

ಇದನ್ನು ತಿಳಿಯಲು ಇದೇ ಸರಣಿಯ ‘ಮಜೋರಾಸ್ ಮಾಸ್ಕ್’ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1998ರಲ್ಲಿ ಬಂದ ‘ಒಕರಿನಾ ಆಫ್ ಟೈಮ್’ ಅಪಾರ ಜನಪ್ರಿಯತೆ ಗಳಿಸಿದ ಮೇಲೆ, ಒಗಟು, ಕಾಳಗಗಳಿಂದ ತುಂಬಿದ ಅದರ ನೆಲಮಾಳಿಗೆಗಳನ್ನಷ್ಟೇ ಬದಲಿಸಿ ಇನ್ನೊಂದು ಆವೃತ್ತಿಯನ್ನು ಹೊರತರುವ ಆಲೋಚನೆ ನಿಂಟೆಂಡೊದಲ್ಲಿತ್ತು. ಆ ಕೆಲಸದಲ್ಲಿ, ಒಕರಿನಾದ ನಿರ್ಮಾಣ ತಂಡದಲ್ಲಿದ್ದ ಐಜಿ ಅವೊನುಮಾ ಅವರಿಗೆ ಮನಸ್ಸಿರಲಿಲ್ಲ. ಹಾಗಿದ್ದರೆ ಒಂದು ವರ್ಷದೊಳಗೆ ಹೊಸ ಆಟವನ್ನೇ ಮಾಡಿ ತೋರಿಸಿ ಎಂಬ ಸವಾಲನ್ನು ಜೆಲ್ಡಾ ಸರಣಿಯ ಜನಕ ಶಿಗೆರು ಮಿಯಾಮೊಟೊ ಮುಂದಿಟ್ಟರು. ಅವೊನುಮಾ ಮತ್ತು ಯೋಶಿಯಾಕಿ ಕೊಯಿಜುಮಿ ನಿರ್ದೇಶಿಸಿದ ಆ ಆಟ 2000ದ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. ಅಷ್ಟು ಕಡಿಮೆ ಅವಧಿಯಲ್ಲಿ ಎಲ್ಲವನ್ನೂ ಹೊಸದಾಗಿ ರೂಪಿಸುವುದು ಆಗದ ಮಾತಾದ್ದರಿಂದ, ಹಿಂದಿನ ಆಟದ ಪಾತ್ರಗಳ ಮುಖ, ಮೈಕಟ್ಟುಗಳನ್ನೇ ಎತ್ತಿಕೊಂಡರು. ಅಂದರೆ ಅಲ್ಲಿ ಹಳೆಯ ಮುಖಗಳು ಕಾಣಿಸಿಕೊಂಡದ್ದು ಅಭಿಮಾನಿಗಳ ಮೇಲಿನ ಪ್ರೀತಿಯಿಂದಲ್ಲ, ಗಡುವಿನ ಒತ್ತಡದಿಂದ.

ಆದರೆ ಆ ಮುಖಗಳನ್ನು ಅವರು ಇರಿಸಿದ್ದು ಹೈರೂಲ್‌ನಲ್ಲಲ್ಲ, ಟರ್ಮಿನಾ ಎಂಬ ಬೇರೊಂದು ನಾಡಿನಲ್ಲಿ. ಅಲ್ಲಿ ಖಳನಾಯಕ ಗ್ಯಾನನ್‌ಡಾರ್ಫ್ ಇಲ್ಲ. ರಾಜಕುಮಾರಿ ಜೆಲ್ಡಾ ಒಂದು ನೆನಪಿನ ದೃಶ್ಯದಲ್ಲಿ ಮಾತ್ರ ಬಂದುಹೋಗುತ್ತಾಳೆ. ಮೂರು ದಿನಗಳಲ್ಲಿ ಚಂದ್ರನೇ ಕಳಚಿ ಊರಿನ ಮೇಲೆ ಬೀಳಲಿದ್ದಾನೆ. ನಾಯಕ ಲಿಂಕ್ ಕೊಳಲಿನಂಥ ತನ್ನ ವಾದ್ಯವನ್ನು ನುಡಿಸಿ ಮೊದಲ ದಿನದ ಬೆಳಗ್ಗೆಗೆ ಮರಳಬಹುದು. ಮರಳಿದಾಗ ಅವನು ಯಾರಿಗೆ ಏನು ಉಪಕಾರ ಮಾಡಿದ್ದನೆಂಬುದು ಊರಿನವರ ನೆನಪಿನಲ್ಲಿರುವುದಿಲ್ಲ. ಹಿಂದಿನ ಆಟದಲ್ಲಿ ಗ್ಯಾನನ್‌ಡಾರ್ಫ್‌ನನ್ನು ಸಾಕಿ ಬೆಳೆಸಿದ್ದ, ನೀವು ಹೋರಾಡಿ ಸೋಲಿಸಬೇಕಾಗಿದ್ದ ಕೊಟಾಕೆ, ಕೌಮೆ ಎಂಬ ಮಾಟಗಾತಿ ಮುದುಕಿಯರು ಇಲ್ಲಿ ಜೌಗುಪ್ರದೇಶದಲ್ಲಿ ಸಂಸಾರಸ್ಥರಂತೆ ವ್ಯಾಪಾರ ಮಾಡಿಕೊಂಡಿದ್ದಾರೆ: ಒಬ್ಬಳದು ಔಷಧದ ಅಂಗಡಿ, ಇನ್ನೊಬ್ಬಳದು ಪ್ರವಾಸಿಗರಿಗೆ ದೋಣಿವಿಹಾರ. ಕೌಮೆ ಕಾಡಿನಲ್ಲಿ ಪೆಟ್ಟು ತಿಂದು ಬಿದ್ದಿರುತ್ತಾಳೆ. ಕೊಟಾಕೆಯ ಅಂಗಡಿಯಿಂದ ಔಷಧ ತಂದು ಕುಡಿಸಬೇಕಾದವರು ನೀವೇ. ಹಿಂದಿನ ಆಟವನ್ನು ಆಡಿದ್ದವರಿಗೆ ಆ ಸೀಸೆಯನ್ನು ಕೊಡುವಾಗ ಕೈ ಹಿಂಜರಿಯುತ್ತದೆ. ಆ ಅನುಮಾನವನ್ನು ಹುಟ್ಟಿಸುವುದು ಹಳೆಯ ಮುಖ, ಸುಳ್ಳಾಗಿಸುವುದು ಹೊಸ ಜಗತ್ತು. ತಾಳಮದ್ದಳೆಯಲ್ಲಿ ಪಾತ್ರವೂ ಪದ್ಯವೂ ಎಲ್ಲರಿಗೂ ಗೊತ್ತಿದ್ದದ್ದೇ ಆದರೂ ಅರ್ಥಧಾರಿ ಏನು ಹೇಳುತ್ತಾನೆಂದು ಕಿವಿಗೊಡುತ್ತೇವಲ್ಲ, ಅಂಥ ಕುತೂಹಲವಿದು.

ಆಂಜು ಎಂಬವಳ ಕಥೆ ಇನ್ನೂ ಸೊಗಸು. ಒಕರಿನಾದಲ್ಲಿ ಇದೇ ಮುಖದ ಹೆಣ್ಣುಮಗಳು ಚೆದುರಿಹೋದ ಕೋಳಿಗಳನ್ನು ಹಿಡಿದುಕೊಡುವಂತೆ ಕೇಳುತ್ತಿದ್ದಳು. ಅಷ್ಟೇ ಅವಳ ಬದುಕು. ಟರ್ಮಿನಾದಲ್ಲಿ ಅವಳು ಕ್ಲಾಕ್ ಟೌನ್ ಪಟ್ಟಣದ ವಸತಿಗೃಹವನ್ನು ನೋಡಿಕೊಳ್ಳುತ್ತಾಳೆ, ಹಬ್ಬದ ದಿನ ಮದುವೆಯಾಗಬೇಕಾಗಿದ್ದ ಕಾಫೆ ಕಾಣೆಯಾಗಿದ್ದಾನೆಂದು ಕೊರಗುತ್ತಾಳೆ. ಅವನಾದರೋ ಶಾಪದಿಂದ ಬಾಲಕನ ರೂಪ ತಳೆದು, ಮದುವೆಯ ಮುಖವಾಡವನ್ನು ಕಳ್ಳನಿಗೆ ಕಳೆದುಕೊಂಡು, ಒಂದು ಅಂಗಡಿಯ ಹಿಂಬದಿಯಲ್ಲಿ ಅವಿತಿದ್ದಾನೆ. ಇವರಿಬ್ಬರನ್ನು ಸೇರಿಸಲು ಅಂಚೆಯವನು ಯಾವ ಹೊತ್ತಿಗೆ ಎಲ್ಲಿರುತ್ತಾನೆ, ಪತ್ರವನ್ನು ಡಬ್ಬಿಗೆ ಯಾವಾಗ ಹಾಕಿದರೆ ಯಾವಾಗ ತಲುಪುತ್ತದೆ ಎಂಬುದನ್ನೆಲ್ಲ ಮೂರು ದಿನಗಳ ಉದ್ದಕ್ಕೂ ಲೆಕ್ಕ ಹಾಕಬೇಕು. ಪ್ರತಿಯೊಬ್ಬನಿಗೂ ತನ್ನದೇ ದಿನಚರಿಯಿರುವ ಒಂದು ಊರನ್ನು ಕಟ್ಟಿದ್ದೇ ಇಲ್ಲಿನ ನಿಜವಾದ ಜಗತ್ತು ಕಟ್ಟುವ ಕೆಲಸ. ನೂರಾರು ಹರದಾರಿ ಬಯಲನ್ನು ಹರಡಿ, ನಡುನಡುವೆ ಗೋಪುರ ನೆಟ್ಟು ‘ವಿಶಾಲ ಜಗತ್ತು’ ಎಂದು ಜಾಹೀರಾತು ಹಾಕುವವರು ಈ ಪುಟ್ಟ ಊರಿನ ಅಂಚೆಯವನ ಹಿಂದೆ ಒಂದು ದಿನ ಸುತ್ತುವುದು ಒಳ್ಳೆಯದು.

ಪ್ರಶ್ನೆ: ಹೊಸತನಕ್ಕೆ ಹೊರಟ ತಯಾರಕರನ್ನು ಅಭಿಮಾನಿಗಳೇ ಬೈಯುತ್ತಾರಲ್ಲ? ಕಂಪನಿಗಳು ಹೆದರುವುದರಲ್ಲಿ ತಪ್ಪೇನು?
– ಓದುಗರೊಬ್ಬರು, ಮಂಗಳೂರು

ಉತ್ತರ: ಬೈಯುವುದುಂಟು. 2001ರ ‘ಮೆಟಲ್ ಗೇರ್ ಸಾಲಿಡ್ 2’ ಬಿಡುಗಡೆಗೆ ಮುನ್ನ ಟ್ರೇಲರ್‌ಗಳಲ್ಲೆಲ್ಲ ಹಳೆಯ ನಾಯಕ ಸ್ನೇಕ್‌ನನ್ನೇ ತೋರಿಸಿ, ಆಟದ ಬಹುಪಾಲನ್ನು ರೈಡನ್ ಎಂಬ ಅಪರಿಚಿತ ಯುವಕನ ಕೈಗೆ ಒಪ್ಪಿಸಿದ ನಿರ್ದೇಶಕ ಹಿದೆಒ ಕೊಜಿಮಾ ಅವರ ಮೇಲೆ ಬಹಳ ಮಂದಿ ಸಿಟ್ಟಾದರು. ಆ ಸಿಟ್ಟಿನಲ್ಲಿ ಅವರ ಗಮನಕ್ಕೆ ತಡವಾಗಿ ಬಂದದ್ದೆಂದರೆ, ಮೊದಲ ಆಟದ ಘಟನೆಗಳನ್ನು ಬೇಕೆಂದೇ ಮರುಸೃಷ್ಟಿಸಿ ರೈಡನ್‌ನನ್ನು ಅದರೊಳಗೆ ನೂಕಿ ಪಳಗಿಸಲಾಗುತ್ತಿದೆಯೆಂಬುದೇ ಆ ಕಥೆಯ ಗುಟ್ಟು ಎನ್ನುವುದು. ಹಳೆಯದನ್ನೇ ಮತ್ತೆ ಕೊಡಿ ಎಂಬ ಬೇಡಿಕೆಯನ್ನೇ ಕೊಜಿಮಾ ಕಥಾವಸ್ತು ಮಾಡಿಕೊಂಡರು. ಟ್ರೇಲರಿನ ಕಣ್ಕಟ್ಟು ನನಗೆ ಈಗಲೂ ಅಷ್ಟಾಗಿ ಒಪ್ಪಿಗೆಯಿಲ್ಲ, ದುಡ್ಡು ಕೊಟ್ಟವರಿಗೆ ಕೇಳುವ ಹಕ್ಕಿರುತ್ತದೆ. ಆದರೆ ಆಟವನ್ನು ನಾನು ಬಿಟ್ಟುಕೊಡಲಾರೆ.

ಹೆದರಿಕೆಯ ಮಾತಿಗೆ ಬಂದರೆ, 2005ರ ‘ರೆಸಿಡೆಂಟ್ ಈವಿಲ್ 4’ ಅನ್ನೂ ನೆನೆಯಬೇಕು. ಅದು ಸರಣಿಯ ಪರಿಚಿತ ರಕೂನ್ ಸಿಟಿಯನ್ನೂ ಜೊಂಬಿಗಳನ್ನೂ ಬದಿಗಿಟ್ಟು, ಎರಡನೆಯ ಭಾಗದ ಲಿಯಾನ್‌ನನ್ನು ನಾಯಕನಾಗಿ ಉಳಿಸಿಕೊಂಡು ಸ್ಪೇನಿನ ಹಳ್ಳಿಯೊಂದಕ್ಕೆ ಹೋಯಿತು. ಕ್ಯಾಮೆರಾ ಅವನ ಹೆಗಲ ಹಿಂದಕ್ಕೆ ಬಂದು ಆಡುವ ಬಗೆಯೇ ಬದಲಾಯಿತು. ಅಭಿಮಾನಿಗಳು ಅದನ್ನು ತಲೆಯ ಮೇಲೆ ಹೊತ್ತುಕೊಂಡರು.

ಪ್ರಶ್ನೆ: ಶುದ್ಧ ಫ್ಯಾನ್ ಸರ್ವಿಸ್ ಎನ್ನಬಹುದಾದ ಒಂದು ಕ್ಷಣವಾದರೂ ನಿಮಗೆ ಹಿಡಿಸಿದ್ದುಂಟೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಉಂಟು. ಗ್ರೀಕ್ ಪುರಾಣಲೋಕವನ್ನು ಬಿಟ್ಟು ಉತ್ತರ ಯುರೋಪಿನ ನಾರ್ಸ್ ಪುರಾಣಲೋಕಕ್ಕೆ ನಡೆದ 2018ರ ‘ಗಾಡ್ ಆಫ್ ವಾರ್’ನಲ್ಲಿ ನಾಯಕ ಕ್ರೇಟೋಸ್‌ನ ಕೈಯಲ್ಲಿರುವುದು ಹಿಮದ ಶಕ್ತಿಯ ಕೊಡಲಿ. ಮಗ ಕಾಯಿಲೆ ಬಿದ್ದಾಗ ಔಷಧಕ್ಕಾಗಿ ಹೋಗಬೇಕಾದ ಹೆಲ್‌ಹೈಮ್ ಎಂಬ ಸತ್ತವರ ಲೋಕದ ಚಳಿಯಲ್ಲಿ ಆ ಕೊಡಲಿ ಕೆಲಸಕ್ಕೆ ಬಾರದು. ಅವನು ಮನೆಗೆ ಮರಳಿ, ನೆಲದಡಿ ಬಚ್ಚಿಟ್ಟಿದ್ದ ಹಳೆಯ ಬೆಂಕಿಯ ಕತ್ತಿಗಳನ್ನು ಹೊರತೆಗೆಯುತ್ತಾನೆ. ಹಿಂದಿನ ಆಟಗಳನ್ನು ಆಡಿದವರು ಆ ಹೊತ್ತಿನಲ್ಲಿ ಕೇಕೆ ಹಾಕುತ್ತಾರೆ. ಕ್ರೇಟೋಸ್‌ಗೆ ಮಾತ್ರ ಅದು ನಾಚಿಕೆಯ ಗಳಿಗೆ, ಏಕೆಂದರೆ ತನ್ನ ಹೆಂಡತಿ ಮಗಳನ್ನು ಅವನು ಕೊಂದದ್ದು ಆ ಕತ್ತಿಗಳಿಂದಲೇ. ಕೇಕೆ ಹಾಕಿದವನ ಬಾಯಲ್ಲೇ ಕಹಿಯನ್ನೂ ಉಳಿಸಬಲ್ಲ ಓಲೈಕೆಗೆ ನನ್ನ ತಕರಾರಿಲ್ಲ.

ಪ್ರಶ್ನೆ: ಮಜೋರಾಸ್ ಮಾಸ್ಕ್ ಆಡುವ ಮೊದಲು ಒಕರಿನಾ ಆಡಿರಲೇಬೇಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ಕಥೆ ತಿಳಿಯಲು ಬೇಕಿಲ್ಲ. ಆದರೂ ಬಿಡುವಿದ್ದರೆ ಒಕರಿನಾವನ್ನು ಮೊದಲು ಮುಗಿಸಿ. ಮೇಲೆ ಹೇಳಿದ ಮುದುಕಿಯರ ಪ್ರಸಂಗದ ರುಚಿ ಹತ್ತುವುದು ಆಗಲೇ. 2015ರಲ್ಲಿ ನಿಂಟೆಂಡೊದ ಕೈಯಲ್ಲಿ ಹಿಡಿದಾಡುವ ಸಾಧನ 3ಡಿಎಸ್‌ಗೆ ಬಂದ ಮಜೋರಾಸ್ ಮಾಸ್ಕ್‌ನ ಪರಿಷ್ಕೃತ ಆವೃತ್ತಿಯಲ್ಲಿ ಬೇಕಾದ ಗಂಟೆಗೆ ನೇರವಾಗಿ ಜಿಗಿಯುವ ಅನುಕೂಲವಿದೆ. ಊರಿನವರ ಚಲನವಲನವನ್ನು ಕಾದು ಕುಳಿತು ಗಮನಿಸುವ ತಾಳ್ಮೆ ನಿಮಗಿದ್ದರೆ 2000ದ ಮೂಲ ಆಟವೇ ಸರಿ, ಇಲ್ಲದಿದ್ದರೆ ಹೊಸತು.