ಕಲೆ ತೆಗೆಯುವ ಬ್ಯಾಕ್ಟೀರಿಯಾ ಬೇರನ್ನೂ ಕಾಯುವುದೇ?

ಪ್ರಶ್ನೆ: ಬೇರುಕೊಳೆ ರೋಗದ ತಡೆಗೆ ಕೊಡುವ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾವನ್ನೇ ಕಿಣ್ವಗಳ ತಯಾರಿಕೆಗೂ ಬಳಸುತ್ತಾರೆಂದು ಓದಿದೆ. ಇದು ನಿಜವೇ?

ಉತ್ತರ: ನಿಜ. ಬ್ಯಾಕ್ಟೀರಿಯಾಕ್ಕೆ ಬಾಯಿಯಿಲ್ಲ, ಸತ್ತ ಎಲೆ, ಬೇರುಗಳಲ್ಲಿರುವ ಪಿಷ್ಟ ಮತ್ತು ಪ್ರೋಟೀನುಗಳನ್ನು ಅದು ತನ್ನ ಕೋಶದ ಹೊರಗೇ ಕಿಣ್ವ ಸುರಿಸಿ ಕರಗಿಸಿ, ಬಳಿಕ ಹೀರಿಕೊಳ್ಳುತ್ತದೆ. ಕಿಣ್ವವು ಹೀಗೆ ತಾನಾಗಿಯೇ ಹೊರಗಿನ ದ್ರವಕ್ಕೆ ಬಂದು ಸೇರುವುದರಿಂದ, ಕಾರ್ಖಾನೆಯಲ್ಲಿ ಕೋಶಗಳನ್ನು ಒಡೆಯದೆಯೇ ಅದನ್ನು ಸೋಸಿ ಬೇರ್ಪಡಿಸಬಹುದು. ಪಿಷ್ಟವನ್ನು ಒಡೆಯುವ ಅಮೈಲೇಸ್, ಬಟ್ಟೆಗೆ ಹತ್ತಿದ ರಕ್ತದ ಕಲೆಯಲ್ಲಿರುವ ಪ್ರೋಟೀನನ್ನು ಕತ್ತರಿಸುವ ಸಬ್ಟಿಲಿಸಿನ್ ಇವೆರಡೂ ಬ್ಯಾಸಿಲಸ್ ಕುಲದ ಬ್ಯಾಕ್ಟೀರಿಯಾಗಳಿಂದ ದೊರೆಯುತ್ತವೆ.

ರೋಗ ತಡೆಯುವಲ್ಲಿ ಮಾತ್ರ ನನ್ನ ದೃಷ್ಟಿಯಲ್ಲಿ ಕಿಣ್ವಗಳಿಗಿಂತ ಹೆಚ್ಚು ಗಮನಾರ್ಹವಾದವು ಈ ಬ್ಯಾಕ್ಟೀರಿಯಾ ಸ್ರವಿಸುವ ಇಟ್ಯೂರಿನ್, ಫೆಂಜೈಸಿನ್ ಎಂಬ ಲಿಪೊಪೆಪ್ಟೈಡುಗಳು, ಅಂದರೆ ಕೊಬ್ಬಿನ ಅಂಶವೂ ಅಮೈನೊ ಆಮ್ಲಗಳ ಕಿರುಸರಪಳಿಯೂ ಕೂಡಿದ ಅಣುಗಳು. ಇವು ಬೇರುಕೊಳೆ ತರುವ ಶಿಲೀಂಧ್ರದ ಕೋಶಪೊರೆಯನ್ನೇ ಹಾಳುಗೆಡವುತ್ತವೆ. ಇದರ ಜೊತೆಗೆ ಬ್ಯಾಕ್ಟೀರಿಯಾವು ಬೇರಿನ ಮೇಲೆ ತೆಳುಪದರವಾಗಿ ಹರಡಿ, ಬೇರು ಸ್ರವಿಸುವ ಸಕ್ಕರೆಯನ್ನು ತಾನೇ ಉಂಡು, ರೋಗಕಾರಿಗೆ ನೆಲೆಯೂರಲು ಎಡೆಗೊಡುವುದಿಲ್ಲ. ಆದ್ದರಿಂದಲೇ ಬೀಜೋಪಚಾರದ ಹಂತದಲ್ಲಿ, ಅಂದರೆ ಬಿತ್ತುವ ಮುನ್ನ ಬೀಜಕ್ಕೇ ಕೊಟ್ಟರೆ ಇದರ ಪ್ರಯೋಜನ ಹೆಚ್ಚು. ಈಗಾಗಲೇ ಕಂದು ಬಣ್ಣಕ್ಕೆ ತಿರುಗಿ, ಎಳೆದರೆ ಸಿಪ್ಪೆ ಕಳಚಿ ಬರುವಂತಾದ ಬೇರನ್ನು ಇದು ಬದುಕಿಸಲಾರದು. ಒಣ ಪುಡಿಯ ಪೊಟ್ಟಣದಲ್ಲಿ ಇದು ಬಹುಕಾಲ ಬಾಳುವುದು ಶಾಖ, ಶುಷ್ಕತೆಗಳನ್ನು ತಾಳಿಕೊಳ್ಳುವ ಬೀಜಾಣುಗಳ ರೂಪದಲ್ಲಿ.