ಕುರಿ ಚರ್ಮದ ಪತ್ರಗಳ ಹಿಂದೆ ಹೊರಟ ತಂಗಿಗೆ

ತಂಗಿ,

ನಿನ್ನ ಪತ್ರ ಎರಡು ಸಲ ಓದಿದೆ. ಮಂಗಳೂರಿನಲ್ಲಿ ಮೆಟೀರಿಯಲ್ ಸೈನ್ಸ್ ಎಂ.ಎಸ್ಸಿ. ಮುಗಿಸಿದ್ದೀಯ, ಈಗ ಇಂಗ್ಲೆಂಡಿನಲ್ಲಿ ಪಿಎಚ್‌ಡಿ ಸಿಕ್ಕಿದೆ. ಹಳೆಯ ಸಾಲಪತ್ರ, ಜಮೀನು ಪತ್ರಗಳನ್ನು ಬರೆದ ಚರ್ಮದ ಮೇಲೆ ಕೆಲಸ. ಗೈಡುಗಳು ಮೂವರು. ಒಬ್ಬರು ಹಣಕಾಸಿನ ಇತಿಹಾಸದವರು, ಒಬ್ಬರು ಜೀವವಿಕಾಸದವರು, ಒಬ್ಬರು ಮಾತ್ರ ನಿನ್ನ ವಿಷಯದವರು. "ಅಕ್ಕ, ಎರಡು ದೋಣಿಯಲ್ಲಿ ಕಾಲಿಟ್ಟರೇ ಮುಳುಗುತ್ತಾರೆ ಅಂತಾರೆ, ನಂದು ಮೂರು. ಅಲ್ಲಿ ಬದುಕು ಹೇಗೆ? ಕೊಡುವ ದುಡ್ಡು ಸಾಕಾಗುತ್ತಾ? ಚರ್ಮ ಮುಟ್ಟುವ ಕೆಲಸ ಅಂದಿದ್ದಕ್ಕೆ ಅಮ್ಮ ಮಾತು ಬಿಟ್ಟಿದ್ದಾರೆ" ಅಂತ ಬರೆದಿದ್ದೀಯ. ಕೊನೆಯಲ್ಲಿ, ಸಾಗರದ ಅಜ್ಜನ ಅಡಿಕೆ ಮಂಡಿಯ ಅಟ್ಟದಲ್ಲಿ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಇದೆ ಅಂತ ಒಂದೇ ಸಾಲು ಸೇರಿಸಿದ್ದೀಯ. ಆ ಸಾಲಿಗೆ ಆಮೇಲೆ ಬರುತ್ತೇನೆ.

ನಾನು ಇಂಗ್ಲೆಂಡಿನ ಯಾರ್ಕ್ ಊರಿಗೆ ಬಂದು 17 ವರ್ಷವಾಯಿತು. ನಂದೂ ಮೆಟೀರಿಯಲ್ ಲ್ಯಾಬಿನ ಕೆಲಸವೇ. ಹಾಗಾಗಿ ನಿನ್ನ ಭಯ ನನಗೆ ಹೊಸದಲ್ಲ.

ದುಡ್ಡಿನ ಮಾತು ಮೊದಲು ಮುಗಿಸೋಣ. ಇಲ್ಲಿ ಪಿಎಚ್‌ಡಿ ಮಾಡುವವರು ನೌಕರರಲ್ಲ, ವಿದ್ಯಾರ್ಥಿಗಳು. ಸರ್ಕಾರಿ ಸಂಶೋಧನಾ ಮಂಡಳಿಯ ಸ್ಟೈಪೆಂಡ್ 2025-26ಕ್ಕೆ ಕನಿಷ್ಠ 20,780 ಪೌಂಡ್. ಅದಕ್ಕೆ ಆದಾಯ ತೆರಿಗೆ ಇಲ್ಲ. ಪೂರ್ಣಾವಧಿ ವಿದ್ಯಾರ್ಥಿ ಅಂದರೆ ಮನೆ ಮೇಲಿನ ಕೌನ್ಸಿಲ್ ಟ್ಯಾಕ್ಸೂ ಇಲ್ಲ. ಯಾರ್ಕ್‌ನಂಥ ಊರಲ್ಲಿ ಮನೆಯಲ್ಲಿ ಒಂದು ರೂಮು ಹಿಡಿದು, ಅಡುಗೆ ಮಾಡಿಕೊಂಡರೆ ಸಾಕಾಗುತ್ತದೆ. ಲಂಡನ್ನಿನ ಲೆಕ್ಕ ಬೇರೆ. ಆದರೆ ವೀಸಾಕ್ಕೆ ಹಾಕುವಾಗಲೇ ಆರೋಗ್ಯದ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡಿನಂತೆ ಎಲ್ಲ ವರ್ಷದ್ದೂ ಒಟ್ಟಿಗೆ ಕಟ್ಟಬೇಕು. ಎಷ್ಟೋ ಮಕ್ಕಳಿಗೆ ಇದು ಕೊನೇ ಗಳಿಗೆಯಲ್ಲಿ ಗೊತ್ತಾಗುತ್ತದೆ. ವಿಶ್ವವಿದ್ಯಾಲಯ ಅದನ್ನು ಭರಿಸುತ್ತದಾ ಅಂತ ಈಗಲೇ ಈಮೇಲ್ ಮಾಡು. ಇನ್ನೊಂದು ವಿಷಯ, ಮೆಟೀರಿಯಲ್ ಸೈನ್ಸ್ ಅಂದರೆ ಭಾರತೀಯರಿಗೆ 'ಅಟಾಸ್' ಅನ್ನೋ ಅನುಮತಿ ಪತ್ರ ಬೇಕಾಗುತ್ತದೆ. ಅದಕ್ಕೆ ಶುಲ್ಕ ಇಲ್ಲ, ಆದರೆ ವಾರಗಟ್ಟಲೆ ಹಿಡಿಯುತ್ತದೆ. ನಿನ್ನ ಕೋರ್ಸಿಗೆ ಬೇಕೋ ಬೇಡವೋ ಪ್ರವೇಶ ಪತ್ರದಲ್ಲೇ ಬರೆದಿರುತ್ತಾರೆ. ಅದು ಕೈಗೆ ಬರದೆ ವೀಸಾಕ್ಕೆ ಹಾಕಬೇಡ.

ಬಾಡಿಗೆ ಮನೆಯ ಅಡ್ವಾನ್ಸ್ ಇಲ್ಲಿ ಬೆಂಗಳೂರಿನ ಹಾಗೆ ಹತ್ತು ತಿಂಗಳದ್ದಲ್ಲ. ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, 2019ರಿಂದ ಅದು ಕಾನೂನು. ಹಣವನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯೊಂದರಲ್ಲಿ ಇಡಬೇಕು. ಆ ಕಾಗದ ಕೇಳಿ ತಗೋ. ನಾನು ಮೊದಲ ಮನೆಯಲ್ಲಿ ಕೇಳಲಿಲ್ಲ. ಬಿಡುವಾಗ ಗೋಡೆಗೆ ಕಲೆ ಅಂದು ಓನರ್ ಒಂದು ಪೌಂಡೂ ವಾಪಸ್ ಕೊಡಲಿಲ್ಲ. ಆ ಕಲೆ ನಾನು ಬರುವ ಮೊದಲೇ ಇತ್ತು, ಫೋಟೋ ಇರಲಿಲ್ಲ ಅಷ್ಟೆ. ಕೀಲಿ ಕೈಗೆ ಬಂದ ದಿನವೇ ಎಲ್ಲ ಮೂಲೆಯ ಫೋಟೋ ತೆಗೆದಿಡು.

ಈಗ ನಿನ್ನ ಕೆಲಸದ ವಿಷಯ. ಇದನ್ನು ಬರೆಯೋಕೇ ನಾನು ಕೂತಿದ್ದು.

ನೀನು ಕೆಲಸ ಮಾಡುವ ಆ ಬರೆಯುವ ಚರ್ಮಕ್ಕೆ ಪಾರ್ಚ್‌ಮೆಂಟ್ ಅಂತಾರೆ. ಅದು ಚಪ್ಪಲಿಯ ಹಾಗೆ ಹದ ಮಾಡಿದ ತೊಗಲಲ್ಲ. ಸುಣ್ಣದ ನೀರಲ್ಲಿ ನೆನೆಸಿ, ಕೂದಲು ತೆಗೆದು, ಚೌಕಟ್ಟಿಗೆ ಬಿಗಿದು, ಕೆರೆದು ಒಣಗಿಸಿದ ಚರ್ಮ. ಇಂಗ್ಲೆಂಡಿನಲ್ಲಿ ರಾಜನ ಲೆಕ್ಕ, ಜಮೀನಿನ ಕ್ರಯಪತ್ರ, ಅಡಮಾನ ಎಲ್ಲವೂ ನೂರಾರು ವರ್ಷ ಇದರ ಮೇಲೇ ನಡೆದವು. ಖಜಾನೆಯ ವಾರ್ಷಿಕ ಲೆಕ್ಕದ ಸುರುಳಿಗಳಲ್ಲಿ ಉಳಿದಿರುವ ಅತ್ಯಂತ ಹಳೆಯದು 1130ರದ್ದು. ಆ ಖಜಾನೆಗೆ ಎಕ್ಸ್‌ಚೆಕರ್ ಅನ್ನೋ ಹೆಸರು ಬಂದಿದ್ದು ಲೆಕ್ಕ ಹಾಕುತ್ತಿದ್ದ ಚೌಕುಳಿ ಬಟ್ಟೆಯಿಂದ. ನಮ್ಮ ಚೌಕಾಬಾರದ ಮನೆಗಳಲ್ಲಿ ಕಾಯಿ ನಡೆಸಿದ ಹಾಗೆ, ಅವರು ಆ ಚೌಕಗಳಲ್ಲಿ ಬಿಲ್ಲೆ ಸರಿಸಿ ಕೂಡಿ ಕಳೆಯುತ್ತಿದ್ದರು. ಎರಡನೇ ಹೆನ್ರಿ ರಾಜನ ಖಜಾಂಚಿ ರಿಚರ್ಡ್ ಫಿಟ್ಸ್‌ನೀಲ್ 12ನೇ ಶತಮಾನದಲ್ಲಿ ಖಜಾನೆಯ ನಡವಳಿಕೆ ಬಗ್ಗೆ ಒಂದು ಪುಸ್ತಕ ಬರೆದ. ರಾಜನ ಲೆಕ್ಕವನ್ನು ಕುರಿ ಚರ್ಮದ ಮೇಲೇ ಬರೆಯಬೇಕು, ಯಾಕೆಂದರೆ ಅದರಲ್ಲಿ ಕೆರೆದು ತಿದ್ದಿದರೆ ಕಲೆ ಕಾಣುತ್ತದೆ ಅಂತ ಅದರಲ್ಲಿದೆ.

ಇದು ನಿಜವಾ, ಸುಮ್ನೆ ನಂಬಿಕೆಯಾ? ಇತಿಹಾಸದವರು ಒಬ್ಬರೇ ಇದಕ್ಕೆ ಉತ್ತರ ಹೇಳೋಕೆ ಆಗಲ್ಲ. ಇಲ್ಲಿಗೆ ನಿನ್ನ ಮೂವರೂ ಬೇಕು. ಕುರಿ ಚರ್ಮದಲ್ಲಿ ಕೊಬ್ಬು 30ರಿಂದ 50 ಶೇಕಡಾ. ಆಡಿನದರಲ್ಲಿ 3ರಿಂದ 10, ದನದ್ದರಲ್ಲಿ 2ರಿಂದ 3 ಅಷ್ಟೇ. ಸುಣ್ಣದಲ್ಲಿ ನೆನೆದಾಗ ಆ ಕೊಬ್ಬು ಹೋಗಿ, ಪದರಗಳ ನಡುವೆ ಟೊಳ್ಳು ಉಳಿಯುತ್ತದೆ. ಆಮೇಲೆ ಯಾರಾದರೂ ಚಾಕುವಿನಲ್ಲಿ ಶಾಯಿ ಕೆರೆದರೆ ಪದರವೇ ಎದ್ದು ಬರುತ್ತದೆ. ಮೋಸ ಕಣ್ಣಿಗೆ ಬೀಳುತ್ತದೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 16ರಿಂದ 20ನೇ ಶತಮಾನದವರೆಗಿನ ಬ್ರಿಟಿಷ್ ಕಾನೂನು ಪತ್ರಗಳ 645 ಮಾದರಿ ಪರೀಕ್ಷಿಸಿದರು. 622 ಕುರಿಯದ್ದೇ. ಕುರಿ ಚರ್ಮ ಅಗ್ಗ ಅನ್ನೋದೂ ಒಂದು ಕಾರಣ ಇರಬಹುದು. ಆದರೂ ನನಗೆ ಈ ಸಂಖ್ಯೆ ಓದಿದಾಗ ಮೈ ಜುಮ್ಮೆಂದಿತು. ಸಾಲ ಕೊಟ್ಟವನ ನಂಬಿಕೆ ಒಂದು ಪ್ರಾಣಿಯ ಚರ್ಮದ ಕೊಬ್ಬಿನ ಮೇಲೆ ನಿಂತಿತ್ತು, ಅಲ್ವಾ?

ಮಾದರಿ ತೆಗೆದದ್ದು ಹೇಗೆ ಅನ್ನೋದು ಇನ್ನೂ ಚೆಂದ. ಅದು ನಮ್ಮ ಊರಿನದೇ ಕತೆ. ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸಾರಾ ಫಿಡಿಮೆಂಟ್ ಎಂಬ ಸಂಶೋಧಕಿಗೆ ಚರ್ಮ ಯಾವ ಪ್ರಾಣಿಯದು ಅಂತ ತಿಳಿಯಬೇಕಿತ್ತು. ಹಳೆಯ ಪತ್ರದಿಂದ ಚೂರು ಕತ್ತರಿಸಲು ಪತ್ರಾಗಾರದವರು ಬಿಡಲಿಲ್ಲ. ಬಿಡಲೂ ಬಾರದು. ಆಕೆ ಅಲ್ಲಿ ಪತ್ರಗಳನ್ನು ಕಾಪಾಡುವವರ ಪಕ್ಕ ಕೂತು, ಅವರು ದಿನಾ ಏನು ಮಾಡುತ್ತಾರೆ ಅಂತ ನೋಡಿದರು. ಅವರು ಧೂಳು ತೆಗೆಯಲು ಪತ್ರವನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜುತ್ತಿದ್ದರು, ಸ್ಕೂಲ್ ಮಕ್ಕಳು ಇಟ್ಟುಕೊಳ್ಳುವಂಥ ಬಿಳಿ ರಬ್ಬರು. ಉಜ್ಜಿದ ಪುಡಿಯನ್ನು ಕಸದ ಬುಟ್ಟಿಗೆ ಹಾಕುತ್ತಿದ್ದರು. ಆ ಪುಡಿಯಲ್ಲೇ ಉತ್ತರ ಇತ್ತು. ಉಜ್ಜಿದಾಗ ಹುಟ್ಟುವ ಸ್ಥಿರ ವಿದ್ಯುತ್ತು ಚರ್ಮದ ಕೊಲಾಜೆನ್ ಪ್ರೋಟೀನನ್ನು ಒಂಚೂರು ಎಳೆದುಕೊಳ್ಳುತ್ತದೆ. ಆ ಪ್ರೋಟೀನನ್ನು ಕಿಣ್ವದಿಂದ ತುಂಡರಿಸಿ, ತುಂಡುಗಳ ತೂಕವನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ನೋಡಿದರೆ ಕುರಿಯೋ, ಆಡೋ, ಕರುವೋ ಗೊತ್ತಾಗುತ್ತದೆ. ಈ ಪ್ರಾಣಿಗಳು ವಿಕಾಸದಲ್ಲಿ ಬೇರೆ ಬೇರೆ ದಾರಿ ಹಿಡಿದಾಗ ಕೊಲಾಜೆನ್‌ನಲ್ಲಿ ಅಲ್ಲೊಂದು ಇಲ್ಲೊಂದು ಅಮೈನೋ ಆಮ್ಲ ಬದಲಾಯಿತು. ಆ ಬದಲಾವಣೆಯನ್ನೇ ಯಂತ್ರ ತೂಗುವುದು. 2015ರಲ್ಲಿ ಈ ವಿಧಾನ ಪ್ರಕಟವಾಯಿತು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಯಾರ್ಕ್‌ನ ಎರಡು ಹಳೆಯ ಚರ್ಮಪತ್ರದ ಡಿಎನ್‌ಎ ಕೂಡ ಓದಿದರು. ಒಂದು ಉತ್ತರದ ಗುಡ್ಡಗಳ ಕಪ್ಪು ಮುಖದ ಕುರಿಗಳಿಗೆ ಹತ್ತಿರ. ಇನ್ನೊಂದು ಮಧ್ಯ ಮತ್ತು ದಕ್ಷಿಣದ ಕುರಿಗಳಿಗೆ ಹತ್ತಿರ. 18ನೇ ಶತಮಾನದಲ್ಲಿ ರಾಬರ್ಟ್ ಬೇಕ್‌ವೆಲ್ ಎಂಬ ರೈತ ಆರಿಸಿ ಆರಿಸಿ ಕುರಿ ತಳಿ ಬೆಳೆಸಿದ್ದು ಆ ಸೀಮೆಯಲ್ಲೇ. ಡಾರ್ವಿನ್ ತನ್ನ 1859ರ ಪುಸ್ತಕದಲ್ಲಿ ಅವನ ಕುರಿಗಳನ್ನು ನೆನೆದಿದ್ದಾನೆ. ಜಮೀನು ಪತ್ರದ ಮೇಲೆ ತಾರೀಕು ಬರೆದೇ ಇರುತ್ತದೆ ನೋಡು. ಅಂದರೆ ಪತ್ರಾಗಾರದ ಒಂದೊಂದು ಕಪಾಟೂ ತಾರೀಕು ಹಾಕಿಟ್ಟ ಕುರಿ ಹಿಂಡು. ಜೀವವಿಕಾಸದವರಿಗೆ ಇದಕ್ಕಿಂತ ಏನು ಬೇಕು!

ಇನ್ನು ನಿನ್ನ ಮೂರು ದೋಣಿ. ನನಗೂ ಹೀಗೇ ಆಗಿತ್ತು. ಬಂದ ಮೊದಲ ವರ್ಷ ಒಂದು ಪ್ರಾಜೆಕ್ಟ್ ಮೀಟಿಂಗಿನಲ್ಲಿ ಇತಿಹಾಸದವರು ಎಕ್ಸ್‌ಚೆಕರ್ ಅಂದರು, ಟ್ಯಾಲಿ ಅಂದರು. ನನಗೆ ಅರ್ಥವಾಗಲಿಲ್ಲ. ಕೇಳಲೂ ಇಲ್ಲ. ಇಂಗ್ಲಿಷ್ ಗೊತ್ತಿಲ್ಲ ಅಂದುಕೊಂಡರೆ ಅಂತ ನಾಚಿಕೆ. ಎಂಟು ತಿಂಗಳು ಮಾತಾಡದೆ ಕೂತೆ. ಆಮೇಲೆ ಒಂದು ದಿನ ಇಲ್ಲಿಯವಳೇ ಆದ ಜೀವಶಾಸ್ತ್ರದ ಹುಡುಗಿ "ಟ್ಯಾಲಿ ಅಂದರೆ ಏನು?" ಅಂತ ಕೇಳಿಬಿಟ್ಟಳು. ಅವಳಿಗೂ ಗೊತ್ತಿರಲಿಲ್ಲ! ಇತಿಹಾಸದವರು ಬಿಡಿಸಿ ಹೇಳಿದರು: ಟ್ಯಾಲಿ ಅಂದರೆ ಲೆಕ್ಕದ ಕೋಲು. ಗೀರು ಹಾಕಿದ ಕೋಲನ್ನು ಉದ್ದಕ್ಕೆ ಸೀಳಿ, ಕೊಟ್ಟವನಿಗೆ ಒಂದು ಹೋಳು, ಪಡೆದವನಿಗೆ ಒಂದು ಹೋಳು. ಎರಡೂ ಜೋಡಿಸಿದಾಗ ಗೀರೂ ಮರದ ಎಳೆಯೂ ಕೂಡಿದರೆ ಲೆಕ್ಕ ಸರಿ. 1834ರಲ್ಲಿ ಖಜಾನೆಯ ಹಳೆಯ ಕೋಲುಗಳನ್ನು ಒಲೆಗೆ ತುಂಬಿ ಸುಡಲು ಹೋಗಿ ಪಾರ್ಲಿಮೆಂಟ್ ಕಟ್ಟಡವೇ ಸುಟ್ಟುಹೋಯಿತು. ಮರದ ಎಳೆಯ ಮಾತು ಬಂದ ಕೂಡಲೇ ನನ್ನ ಬಾಯಿ ತೆರೆಯಿತು. ಅದು ನನ್ನ ವಿಷಯ. ಅವತ್ತಿನಿಂದ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳುತ್ತೇನೆ. ಮೂರು ವಿಷಯದವರು ಸೇರಿದ ಕೋಣೆಯಲ್ಲಿ ಎಲ್ಲರೂ ಮೂರರಲ್ಲಿ ಎರಡು ಪಾಲು ಹೊಸಬರೇ. ನೀನು ಭಾರತದಿಂದ ಬಂದಿದ್ದಕ್ಕೆ ಅಲ್ಲಿ ಹಿಂದೆ ಬೀಳುವುದಿಲ್ಲ.

ಆದರೆ ಒಂದು ಎಚ್ಚರ. ಮೂವರು ಗೈಡುಗಳು ಮೂರು ಥೀಸಿಸ್ ಕೇಳುತ್ತಾರೆ, ತಮಗೇ ಗೊತ್ತಿಲ್ಲದೆ. ಮೂವರನ್ನೂ ಮೊದಲ ತಿಂಗಳಲ್ಲೇ ಒಂದೇ ಮೇಜಿಗೆ ಕೂರಿಸಿ, ಥೀಸಿಸ್ಸಿನ ಪ್ರಶ್ನೆ ಯಾವುದು ಅಂತ ಒಂದು ಹಾಳೆಯಲ್ಲಿ ಬರೆಸಿಕೋ. ಕೊನೆಯ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಸಾಮಾನ್ಯವಾಗಿ ಇಬ್ಬರೇ ಪರೀಕ್ಷಕರು, ಮುಚ್ಚಿದ ಕೋಣೆ. ಅವರು ಯಾವ ವಿಷಯದವರು ಅನ್ನೋದನ್ನು ಮೂರನೇ ವರ್ಷಕ್ಕೇ ಮಾತಾಡಿಡು. ಲ್ಯಾಬ್ ಟೆಕ್ನಿಷಿಯನ್ನರು, ಪತ್ರ ಶುಚಿ ಮಾಡುವವರು, ಇವರ ಜೊತೆ ಚಹಾ ಕುಡಿ. ಹನ್ನೊಂದು ಗಂಟೆಯ ಚಹಾಕ್ಕೆ ಕರೆದರೆ ಕೆಲಸ ಇದೆ ಅಂತ ತಪ್ಪಿಸಿಕೊಳ್ಳಬೇಡ.

ನಿನ್ನ ಅಮ್ಮನ ವಿಷಯ. ಇದನ್ನು ನಾನು ಹಗುರವಾಗಿ ತಗೊಳ್ಳಲ್ಲ, ನಮ್ಮ ಮನೆಯಲ್ಲೂ ಇದೇ ಮಾತು ಬಂದಿತ್ತು. ಅಮ್ಮನಿಗೆ ಹೇಳು, ಈ ಕೆಲಸಕ್ಕೆ ಯಾವ ಪ್ರಾಣಿಯನ್ನೂ ಕೊಲ್ಲುವುದಿಲ್ಲ. ಆ ಕುರಿಗಳು ಸತ್ತು ಮುನ್ನೂರು, ನಾನೂರು ವರ್ಷವಾಯಿತು. ನೀನು ಮಾಡುವುದು ರಬ್ಬರಿನಿಂದ ಮೆಲ್ಲಗೆ ಉಜ್ಜುವುದು. ದೇವಸ್ಥಾನದ ಜಾತ್ರೆಯ ಯಕ್ಷಗಾನ ಆಟದಲ್ಲಿ ಬಾರಿಸುವ ಚಂಡೆ ಮದ್ದಳೆಗೂ ಚರ್ಮವೇ ಬಿಗಿದಿರೋದು. ನಮ್ಮಮ್ಮ ಈ ಮಾತಿಗೆ ಎರಡು ದಿನ ಸುಮ್ಮನಿದ್ದು, ಆಮೇಲೆ "ಕೈ ತೊಳ್ಕೊಂಡು ಊಟ ಮಾಡು" ಅಂದರು. ಅಷ್ಟು ಸಾಕಾಯಿತು ನನಗೆ.

ಊಟಕ್ಕೆ ತೊಂದರೆ ಇಲ್ಲ. ರಾಗಿ ಹಿಟ್ಟು, ಕೆಂಪಕ್ಕಿ, ಕರಿಬೇವು ಲೀಡ್ಸ್‌ನ ಅಂಗಡಿಗಳಲ್ಲಿ ಸಿಗುತ್ತದೆ, ರೈಲಿನಲ್ಲಿ ಅರ್ಧ ಗಂಟೆ. ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ಊರಿಂದಲೇ ತರಬೇಕು. ಚಳಿಗಿಂತ ಕತ್ತಲು ಕಷ್ಟ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂ ಮುಕ್ಕಾಲರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಮೊದಲ ಚಳಿಗಾಲ ನಾನು ಬಹಳ ಅತ್ತೆ. ಮಧ್ಯಾಹ್ನ ಹನ್ನೆರಡಕ್ಕೆ ಏನೇ ಕೆಲಸ ಇದ್ದರೂ ಇಪ್ಪತ್ತು ನಿಮಿಷ ಹೊರಗೆ ನಡೆ. ನಮ್ಮ ಮನೆ ಸ್ಟೇಷನ್ನಿಂದ ನಡೆಯುವ ದೂರದಲ್ಲಿದೆ, ಶನಿವಾರ ಬಂದುಬಿಡು, ದೋಸೆ ಹಾಕುತ್ತೇನೆ.

ಈಗ ಅಜ್ಜನ ಅಟ್ಟದ ಪುಸ್ತಕ. ತಂಗಿ, ನೀನು ಹೇಳಿದ್ದು ನೋಡಿದರೆ ಅದು ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಹಾಕಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಹಳೆಯ ಲೆಕ್ಕಗಳೂ ಇಂಥ ಕಡತದಲ್ಲೇ ಇವೆ. ಈಗ ಆಫೀಸಿನ ಫೈಲಿಗೆ ಕಡತ ಅಂತೀವಲ್ಲ, ಆ ಮಾತು ಬಂದಿದ್ದು ಇಲ್ಲಿಂದ. ಇಂಗ್ಲೆಂಡಿನವರು ಅಳಿಸಿದರೆ ಗೊತ್ತಾಗುವ ಚರ್ಮ ಹುಡುಕಿದರು. ನಮ್ಮವರು ಅಳಿಸಿ ಮತ್ತೆ ಬರೆಯಬಹುದಾದ ಬಟ್ಟೆ ಮಾಡಿದರು. ಹಾಗಾದರೆ ಮಂಡಿಯಲ್ಲಿ ಸಾಲ ಕೊಟ್ಟವನು ಯಾವುದನ್ನು ನಂಬಿದ? ನಿನ್ನ ಮೂವರು ಗೈಡುಗಳಿಗೆ ಮೊದಲ ದಿನವೇ ಈ ಪ್ರಶ್ನೆ ಹಾಕು.

ಹೊರಡುವ ಮೊದಲು ಸಾಗರಕ್ಕೆ ಹೋಗಿ ಅದನ್ನು ಕೆಳಗಿಳಿಸು. ಒಂದೊಂದು ಮಡಿಕೆಯನ್ನೂ ಹಗಲು ಬೆಳಕಿನಲ್ಲಿ ಫೋಟೋ ತೆಗೆ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಧೂಳು ಅಂತ ಯಾರೂ ಒದ್ದೆ ಬಟ್ಟೆಯಲ್ಲಿ ಒರೆಸದ ಹಾಗೆ ನೋಡಿಕೋ, ಅಜ್ಜನ ಬಳಪ ಅಳಿಸಿಹೋಗುತ್ತದೆ. ಬಿಸಿಲಿಗೂ ಹಾಕಬೇಡ. ಹಳೆಯ ಪಂಚೆಯಲ್ಲಿ ಸುತ್ತಿ ಒಣ ಪೆಟ್ಟಿಗೆಯಲ್ಲಿಡು.

ಟಿಕೆಟ್ ಆದ ಮೇಲೆ ತಾರೀಕು ತಿಳಿಸು. ಸ್ಟೇಷನ್ನಿಗೆ ಬರುತ್ತೇನೆ.

ಅಕ್ಕ